ಅಕ್ಕ ತಾನೇ ನೋಡಿ ಒಪ್ಪಿದ ಜಾಗ

ವಿಜಯಪುರದಲ್ಲಿ ಸಂಜೆ ಮುಂಬಯಿ ರೈಲು ಹತ್ತಿದಾಗ ನನ್ನ ಚೀಲದಲ್ಲಿ ನಾಲ್ಕು ಸೀರೆ, ಒಂದು ಡಬ್ಬಿ ಶೇಂಗಾ ಚಟ್ನಿ, ಒಂದು ಕಟ್ಟು ಖಡಕ್ ರೊಟ್ಟಿ ಇದ್ದವು. ರೊಟ್ಟಿ ಅಕ್ಕನಿಗೆ. ಅವಳಿಗೆ ಊಟವೇ ಸೇರುತ್ತಿಲ್ಲ ಎಂದು ಅವಳ ಮಗಳು ರೇಣುಕಾ ಫೋನಿನಲ್ಲಿ ಹೇಳಿದ್ದಳು. ಆದರೂ ಬರಿಗೈಯಲ್ಲಿ ಹೋಗಲು ಮನಸ್ಸಾಗಲಿಲ್ಲ.

ನಾನು ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿ ನಿವೃತ್ತಳಾದವಳು. ಅಕ್ಕ ಶಾಂತವ್ವ ಮದುವೆಯಾದ ಹೊಸತರಲ್ಲೇ ಗಂಡನ ಜೊತೆ ಮುಂಬಯಿಗೆ ಹೋದಳು. ಕಟ್ಟಡಗಳಲ್ಲಿ ಸಿಮೆಂಟಿನ ಬುಟ್ಟಿ ಹೊತ್ತಳು. ಗಂಡ ತೀರಿಕೊಂಡ ಮೇಲೆ ಹೆಂಗಸರ ಒಂದು ಗುಂಪು ಕಟ್ಟಿಕೊಂಡು ತಾನೇ ಅವರ ಮುಕಾದಮ್ ಆದಳು, ಅಂದರೆ ಕೆಲಸ ಹಿಡಿಯುವವಳೂ ಮಾಡಿಸುವವಳೂ ಅವಳೇ. ಒಬ್ಬಳೇ ಮಗಳನ್ನು ಬಿ.ಕಾಂ. ಓದಿಸಿದಳು. ರೇಣುಕಾ ಈಗ ಪರೇಲ್‌ನ ಒಂದು ಆಫೀಸಿನಲ್ಲಿದ್ದಾಳೆ. ಅಕ್ಕನ ಸ್ತನದ ಕ್ಯಾನ್ಸರಿಗೆ ಚಿಕಿತ್ಸೆ ನಡೆದದ್ದೂ ಪರೇಲ್‌ನ ಆಸ್ಪತ್ರೆಯಲ್ಲೇ. ರೋಗ ಎಲುಬಿಗೆ ಇಳಿದ ಮೇಲೆ ಅಲ್ಲಿನ ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದರು: ಇನ್ನು ಗುಣವಾಗುವುದಿಲ್ಲ, ನೋವು ಕಡಿಮೆ ಮಾಡಬಹುದು, ಅದಕ್ಕೆಂದೇ ಹಾಸ್ಪೈಸ್ ಎಂಬ ಆರೈಕೆ ಕೇಂದ್ರಗಳಿವೆ, ಒಂದೆರಡನ್ನು ನೋಡಿ ಬನ್ನಿ. ಯಾವುದು ಒಳ್ಳೆಯದು, ಯಾವುದು ಬರೀ ಬೋರ್ಡು ಎಂದು ರೇಣುಕಾಗೆ ಹೇಗೆ ತಿಳಿಯಬೇಕು? "ಮೌಶಿ, ನೀವs ಬಂದು ನೋಡ್ರಿ. ನನಗ ಏನೂ ಸಮಝ್ ಆಗವಲ್ತು" ಎಂದಳು. ಮರಾಠಿ ಮಕ್ಕಳ ನಡುವೆ ಬೆಳೆದವಳು, ಚಿಗವ್ವ ಎನ್ನುವ ಬದಲು ನನ್ನನ್ನು ಮೌಶಿ ಎಂದೇ ಕರೆಯುತ್ತಾಳೆ.

ಸೊಲ್ಲಾಪುರದಲ್ಲಿ ಚಹಾ ಕುಡಿದು ಮಲಗಿದವಳಿಗೆ ಎಚ್ಚರವಾದದ್ದು ಘಾಟಿನ ಸುರಂಗಗಳ ಸದ್ದಿಗೆ. ಕಲ್ಯಾಣದಲ್ಲಿ ಇಳಿದು, ಸ್ಲೋ ಲೋಕಲ್ ಹಿಡಿದು ಭಾಂಡುಪ್‌ಗೆ ಬಂದೆ. ಟಿಕೆಟ್ಟಿಗೆ ಕೊಟ್ಟದ್ದು ಒಂದು ಚಹಾದ ದುಡ್ಡು. ಚಳಿಗಾಲವಾದರೂ ಲೇಡೀಸ್ ಡಬ್ಬಿಯ ನೂಕಿನಲ್ಲಿ ಬೆವೆತುಹೋದೆ. ಸ್ಟೇಷನ್ನಿನಿಂದ ರಿಕ್ಷಾ ಗುಡ್ಡದ ಬುಡದವರೆಗೆ ಹೋಗುತ್ತದೆ. ಅಲ್ಲಿಂದ ಅಕ್ಕನ ಮನೆಯಿರುವ ಸಾಲುಮನೆಗಳ ಚಾಳ್‌ಗೆ ಮೆಟ್ಟಿಲು ಹತ್ತಬೇಕು.

ಅಕ್ಕ ಗೋಡೆಗೆ ಮುಖ ಮಾಡಿ ಮಲಗಿದ್ದಳು. ನನ್ನ ದನಿ ಕೇಳಿ ತಿರುಗಲು ನೋಡಿದಳು, ಆಗಲಿಲ್ಲ. ಆಸ್ಪತ್ರೆಯವರು ಕೊಟ್ಟ ಮಾರ್ಫಿನ್ ಮಾತ್ರೆಗಳು ಡಬ್ಬಿಯಲ್ಲಿ ಬಹುಪಾಲು ಹಾಗೇ ಇದ್ದವು. ಅವು ಚಟ ಹಿಡಿಸುತ್ತವೆ ಎಂದು ಅಕ್ಕಪಕ್ಕದವರು ಹೇಳಿದ್ದರಂತೆ, ಅದಕ್ಕೆ ಅರ್ಧರ್ಧ ನುಂಗುತ್ತಿದ್ದಳಂತೆ. ನೋವಿಗೆಂದು ಡಾಕ್ಟರು ಅಳೆದು ಕೊಟ್ಟದ್ದು ಚಟವಲ್ಲ ಎಂದು ನಾನು ಹೇಳಿದರೂ ಅವಳಿಗೆ ಪೂರ್ತಿ ನಂಬಿಕೆ ಬರಲಿಲ್ಲ.

ಆ ಮಧ್ಯಾಹ್ನ ಅಕ್ಕನ ಮೈದುನ ಬಸಪ್ಪ ಘಾಟ್‌ಕೋಪರ್‌ನಿಂದ ಬಂದ. ನಾವು ಕೇಂದ್ರ ಹುಡುಕುತ್ತಿರುವ ಸುದ್ದಿ ಅವನಿಗೆ ಮುಟ್ಟಿತ್ತು. ಸಾಯುವವರನ್ನು ಬಿಡುವ ಜಾಗ ಅದು, ಮಗಳು ತಾಯಿಯನ್ನು ಹೊರಗೆ ಹಾಕಿದಳು ಎಂದು ನಮ್ಮ ಜನ ಆಡಿಕೊಳ್ಳುತ್ತಾರೆ, ರೇಣುಕಾಳ ಮದುವೆಗೂ ಅಡ್ಡಿಯಾಗುತ್ತದೆ ಎಂದ. ರೇಣುಕಾ ತಲೆ ತಗ್ಗಿಸಿ ಕುಳಿತಳು. ನಾನು ಬಾಯಿ ತೆರೆಯುವ ಮುಂಚೆ ಅಕ್ಕನೇ ಗೋಡೆಯ ಕಡೆ ಮುಖ ಇಟ್ಟುಕೊಂಡೇ ಮಾತಾಡಿದಳು.

"ಬಸಪ್ಪಾ, ನೋವು ನಂದು. ಜಾಗ ನಾನs ನೋಡ್ತೀನಿ. ಚಲೋ ಅನಿಸಿದ್ರ ಹೋಗ್ತೀನಿ, ಇಲ್ಲಂದ್ರ ಇಲ್ಲೇ ಇರ್ತೀನಿ. ಹುಡುಗೀನ ಮಾತ್ರ ಏನೂ ಅನಬ್ಯಾಡ."

ಬಸಪ್ಪ ಚಹಾ ಕುಡಿದು ಎದ್ದು ಹೋದ.

ಮರುದಿನ ಅಕ್ಕನನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ ನಾನೂ ರೇಣುಕಾಳೂ ಮೊದಲನೆಯ ಕೇಂದ್ರಕ್ಕೆ ಹೋದೆವು. ಉತ್ತರದ ಒಂದು ಉಪನಗರದಲ್ಲಿ ಹೊಸ ಬಿಲ್ಡಿಂಗ್, ಕಾಲಿಟ್ಟರೆ ಜಾರುವಂಥ ನೆಲ, ಎ.ಸಿ.ಯ ತಂಪು. ಮ್ಯಾನೇಜರ್ ಕಾಫಿ ತರಿಸಿದರು, ಗೋಡೆಯ ಟಿವಿಯಲ್ಲಿ ತಮ್ಮ ಕೇಂದ್ರದ ಚಿತ್ರಗಳನ್ನು ತೋರಿಸಿದರು. ವಾರ್ಡ್ ನೋಡಬೇಕೆಂದರೆ ಈಗ ವಿಶ್ರಾಂತಿಯ ಸಮಯ ಎಂದರು. ರಾತ್ರಿ ನೋವು ಹೆಚ್ಚಾದರೆ ಯಾರು ಬಂದು ನೋಡುತ್ತಾರೆ ಎಂದು ರೇಣುಕಾ ಹಿಂದಿಯಲ್ಲಿ ಕೇಳಿದಳು. ಸಿಬ್ಬಂದಿ ಇರುತ್ತಾರೆ ಎಂದರು. ಆ ಸಿಬ್ಬಂದಿಗೆ ಮಾರ್ಫಿನ್ ಕೊಡುವ ಅಧಿಕಾರ ಇದೆಯೇ ಎಂದಳು. ಡಾಕ್ಟರಿಗೆ ಫೋನ್ ಮಾಡುತ್ತಾರೆ ಎಂದರು. ಡಾಕ್ಟರು ಬರುತ್ತಾರೆಯೇ ಎಂದಳು. ಅಂಥ ಪ್ರಸಂಗ ಬಂದರೆ ಆಸ್ಪತ್ರೆಗೆ ಸಾಗಿಸುತ್ತೇವೆ ಎಂಬ ನಿಜ ಕೊನೆಗೆ ಹೊರಬಿತ್ತು. ಕನ್ನಡ ತಡವರಿಸುವ ಈ ಹುಡುಗಿ, ದೊಡ್ಡ ಮೇಜಿನ ಆಚೆ ಕುಳಿತವರಿಂದ ಬೇಕಾದ ಉತ್ತರವನ್ನು ದನಿ ಏರಿಸದೆ ಹೊರಡಿಸಿದ್ದು ಕಂಡು ನನ್ನ ಬೆನ್ನು ನೆಟ್ಟಗಾಯಿತು.

ಇನ್ನೊಂದು ಮಾತು ನಾನು ಕೇಳಿದೆ. ರೋಗಿಗೆ ತನ್ನ ಸ್ಥಿತಿ ತಿಳಿದಿದ್ದರೆ ನೀವು ಹೇಗೆ ಮಾತಾಡಿಸುತ್ತೀರಿ? ಅವರು ನಕ್ಕು, ನಾವು ಪೇಷಂಟ್‌ಗೆ ಏನೂ ಹೇಳುವುದಿಲ್ಲ, ಬೇಗ ಗುಣವಾಗುತ್ತೀರಿ ಅನ್ನುತ್ತೇವೆ, ಇಲ್ಲದಿದ್ದರೆ ಧೈರ್ಯಗೆಡುತ್ತಾರೆ ಎಂದರು. ನಾನು ಕಾಫಿ ಕಪ್ಪು ಕೆಳಗಿಟ್ಟೆ. ಇಷ್ಟು ವರ್ಷ ವಾರ್ಡಿನಲ್ಲಿ ಕಳೆದಿದ್ದೇನೆ. ಸುಳ್ಳು ಕೇಳಿ ಧೈರ್ಯ ತಂದುಕೊಂಡ ರೋಗಿಯನ್ನು ನಾನು ಕಂಡಿಲ್ಲ. ಮನೆಗೆ ಬಂದು ಎಲ್ಲವನ್ನೂ ಅಕ್ಕನಿಗೆ ಹೇಳಿದೆವು. ಎರಡನೆಯ ಜಾಗಕ್ಕೆ ತಾನೂ ಬರುವುದಾಗಿ ಅವಳು ಹಟ ಹಿಡಿದಳು.

ಎರಡನೆಯದು ಸಯನ್‌ನಲ್ಲಿ, ಒಂದು ಟ್ರಸ್ಟ್ ನಡೆಸುವುದು. ಚಾಳಿನ ಇಬ್ಬರು ಗಂಡಸರು ಅಕ್ಕನನ್ನು ಕುರ್ಚಿಯ ಮೇಲೆ ಕೂರಿಸಿ ಮೆಟ್ಟಿಲು ಇಳಿಸಿದರು. ಅಂದು ಮಾತ್ರೆಯನ್ನು ಪೂರ್ತಿ ನುಂಗಿಸಿದ್ದೆ. ಟ್ಯಾಕ್ಸಿಯ ಹಿಂದಿನ ಸೀಟಿನಲ್ಲಿ ತಲೆದಿಂಬುಗಳ ನಡುವೆ ಅವಳು, ಪಕ್ಕದಲ್ಲಿ ನಾನು. ಕಾಂಜುರ್‌ಮಾರ್ಗ್ ದಾಟುವಾಗ ಅಕ್ಕ ಕಣ್ಣು ತೆರೆದಳು. ಎತ್ತರದ ಒಂದು ಬಿಲ್ಡಿಂಗನ್ನು ಗಲ್ಲದಿಂದಲೇ ತೋರಿಸಿ, ಅದರ ಸ್ಲ್ಯಾಬ್ ಹಾಕುವಾಗ ತನ್ನ ಗುಂಪಿನ ಹೆಂಗಸರು ಮಳೆ ಬರುವ ಮುಂಚೆ ಮುಗಿಸಿದ್ದನ್ನು ಹೇಳಿದಳು. ವಿಕ್ರೋಳಿಯಲ್ಲಿ ಇನ್ನೊಂದು, ಕುರ್ಲಾ ಹತ್ತಿರ ಮತ್ತೊಂದು. ರಸ್ತೆಯ ಗುಂಡಿಗೆ ಟ್ಯಾಕ್ಸಿ ಕುಕ್ಕಿದಾಗ ಹಲ್ಲು ಕಚ್ಚುತ್ತಿದ್ದಳು, ಆಮೇಲೆ ಬಿಟ್ಟಲ್ಲಿಂದಲೇ ಮುಂದುವರಿಸುತ್ತಿದ್ದಳು. ಟ್ಯಾಕ್ಸಿಯವ ಕನ್ನಡಿಯಲ್ಲಿ ಅವಳನ್ನು ನೋಡಿ ವೇಗ ತಗ್ಗಿಸಿದ. ಈ ಊರಿನಲ್ಲಿ ನನ್ನ ಅಕ್ಕ ಎತ್ತಿ ನಿಲ್ಲಿಸಿದ ಮನೆಗಳು ಎಷ್ಟಿವೆಯೋ. ನಾನು ಅಂದಿನವರೆಗೆ ಒಂದರ ಬಗ್ಗೆಯೂ ಕೇಳಿರಲಿಲ್ಲ.

ಸಯನ್‌ನ ಕೇಂದ್ರ ಹಳೆಯ ಎರಡಂತಸ್ತಿನ ಕಟ್ಟಡ. ಅಲ್ಲಲ್ಲಿ ಬಣ್ಣ ಕಿತ್ತಿತ್ತು. ಸೊಳ್ಳೆಗಳಿದ್ದವು. ಆದರೆ ಬಾಗಿಲಲ್ಲಿ ಯಾರೂ ನಮ್ಮನ್ನು ತಡೆಯಲಿಲ್ಲ, ವಾರ್ಡಿಗೆ ಹೋಗಿ ನೋಡಿರೆಂದು ಅವರೇ ಹೇಳಿದರು. ನಾನು ಮೊದಲು ಮೂಗಿನಿಂದ ನೋಡಿದೆ. ಫಿನಾಯಿಲ್‌ನ ಘಾಟು ಇರಲಿಲ್ಲ, ಹುಣ್ಣಿನ ವಾಸನೆಯೂ ಇರಲಿಲ್ಲ. ಏಳಲಾಗದವರ ಬೆನ್ನು, ಹಿಮ್ಮಡಿ ನೋಡಿದೆ, ಚರ್ಮ ಸ್ವಚ್ಛವಾಗಿತ್ತು. ತುಟಿ ಒಣಗಿದವರಿರಲಿಲ್ಲ. ಹಿತ್ತಲಲ್ಲಿ ಹೆಂಡತಿಯ ಬಟ್ಟೆ ಹಿಂಡುತ್ತಿದ್ದ ಒಬ್ಬರನ್ನು ವಿಚಾರಿಸಿದೆ. ಇಲ್ಲಿಗೆ ಬಂದ ಮೇಲೆ ಅವಳಿಗೆ ನಿದ್ದೆ ಬರುತ್ತಿದೆ, ಅವಳಿಂದಾಗಿ ನನಗೂ, ಎಂದರು. ಬಚ್ಚಲಿನಲ್ಲಿ ಹಿಡಿದುಕೊಳ್ಳುವ ಸರಳು ಮಾತ್ರ ಅಲುಗಾಡುತ್ತಿತ್ತು. ಅದನ್ನು ಮೇಟ್ರನ್‌ಗೆ ನೇರವಾಗಿ ಹೇಳಿದೆ. ಅವರು ಮುನಿಸಿಕೊಳ್ಳದೆ ನನ್ನ ಜೊತೆ ಬಂದು ತಾವೂ ಅಲುಗಿಸಿ ನೋಡಿದರು.

ಅಷ್ಟರಲ್ಲಿ ಡಾಕ್ಟರು ಬಂದರು, ನಡುವಯಸ್ಸಿನ ಮರಾಠಿ ಹೆಂಗಸು. ಗಾಲಿ ಕುರ್ಚಿಯಲ್ಲಿದ್ದ ಅಕ್ಕನ ಎದುರು ಸ್ಟೂಲ್ ಎಳೆದುಕೊಂಡು ಕುಳಿತರು. ಫೈಲು ನನ್ನ ಕೈಯಲ್ಲಿತ್ತು, ಆದರೆ ಅವರು ಕೇಳಿದ್ದು ಅಕ್ಕನನ್ನೇ. ನೋವು ಎಲ್ಲಿ, ಯಾವಾಗ ಜಾಸ್ತಿ, ಹೊಟ್ಟೆ ಸರಿಯಾಗಿ ಖಾಲಿಯಾಗುತ್ತದೆಯೇ, ಯಾವುದಕ್ಕೆ ಹೆದರಿಕೆ. ಅಕ್ಕ ಚೆನ್ನಾಗಿ ಮರಾಠಿ ಆಡುತ್ತಾಳೆ. ಎಲ್ಲಕ್ಕೂ ಉತ್ತರಿಸಿ, ಕೊನೆಗೆ ತನ್ನ ಪ್ರಶ್ನೆ ಇಟ್ಟಳು: ಇಲ್ಲಿಗೆ ಬಂದವರು ಮನೆಗೆ ಹೋಗುವುದಿಲ್ಲವಂತೆ, ಹೌದೇ?

ಡಾಕ್ಟರು ಅವಳ ಕೈ ಹಿಡಿದುಕೊಂಡು ನಿಧಾನವಾಗಿ ಹೇಳಿದರು. "ಕೆಲವರು ಇಲ್ಲೇ ತೀರಿಕೊಳ್ಳುತ್ತಾರೆ, ಶಾಂತಾಬಾಯಿ. ಕೆಲವರು ಮನೆಗೆ ಹೋಗುತ್ತಾರೆ. ನಿಮ್ಮದು ಯಾವುದು ಎಂದು ಇವತ್ತು ನನಗೆ ಗೊತ್ತಿಲ್ಲ. ರೋಗ ತೆಗೆಯುವುದು ನನ್ನಿಂದಾಗದು. ನೋವು ತಗ್ಗಿಸುತ್ತೇನೆ. ಆ ಮಾತು ಕೊಡುತ್ತೇನೆ."

ರೇಣುಕಾ ಕಿಟಕಿಯ ಕಡೆ ತಿರುಗಿ ಕಣ್ಣೊರೆಸಿಕೊಂಡಳು. ಅಕ್ಕ ಡಾಕ್ಟರ ಮುಖದಿಂದ ಕಣ್ಣು ತೆಗೆದು ನನ್ನ ಕಡೆ ತಿರುಗಿ ಕನ್ನಡದಲ್ಲಿ ಹೇಳಿದಳು. "ಈಕಿ ಖರೇ ಹೇಳ್ತಾಳ. ಇಲ್ಲೇ ಇರ್ತೀನಿ."

ಅಂದು ಹಾಸಿಗೆ ಖಾಲಿ ಇರಲಿಲ್ಲ. ಅದನ್ನೂ ಅವರು ಮರೆಮಾಚಲಿಲ್ಲ. ಹಾಸಿಗೆ ಆಗುವವರೆಗೆ ಒಬ್ಬ ನರ್ಸ್ ಭಾಂಡುಪ್‌ಗೇ ಬಂದು ಔಷಧಿ ಸರಿಪಡಿಸಿ ಹೋದಳು. ಆ ವಾರವೇ ಕರೆ ಬಂತು. ಸೇರಿಸಲು ಹೋದಾಗ ನಾನು ಮೊದಲು ಬಚ್ಚಲಿಗೆ ಹೋದೆ. ಸರಳನ್ನು ಹೊಸ ಮೊಳೆ ಹಾಕಿ ಬಿಗಿ ಮಾಡಿದ್ದರು.

ಮೊದಮೊದಲು ಕಷ್ಟವಾಯಿತು. ಮಾರ್ಫಿನ್ ಪ್ರಮಾಣ ಏರಿಸಿದಾಗ ಅಕ್ಕ ಮಂಪರಿನಲ್ಲೇ ಇದ್ದಳು. ಕರೆದರೆ ಹ್ಞೂಂಗುಟ್ಟಿ ಮತ್ತೆ ಕಣ್ಣು ಮುಚ್ಚುತ್ತಿದ್ದಳು. ರೇಣುಕಾ ಗಾಬರಿಬಿದ್ದಳು. ಬಸಪ್ಪ ಕಾಕಾ ಹೇಳಿದ್ದೇ ಸರಿ, ತಾನೇ ಆಯಿಯನ್ನು ಇಲ್ಲಿ ತಂದು ಹಾಕಿದೆ, ಇವತ್ತೇ ಮನೆಗೆ ಕರೆದುಕೊಂಡು ಹೋಗೋಣ ಎಂದು ಅತ್ತಳು. ನರ್ಸ್ ಆಗಿ ಗೊತ್ತಿದ್ದದ್ದು ತಂಗಿಯಾಗಿ ಉಪಯೋಗಕ್ಕೆ ಬರಲಿಲ್ಲ. ಡಾಕ್ಟರು ನಮ್ಮಿಬ್ಬರನ್ನೂ ಕೂರಿಸಿಕೊಂಡು, ದೇಹ ಔಷಧಿಗೆ ಹೊಂದಿಕೊಳ್ಳುವವರೆಗೆ ಹೀಗೆ, ಜೊತೆಗೆ ಎಷ್ಟೋ ತಿಂಗಳ ನಿದ್ದೆಯೂ ಬಾಕಿ ಇದೆ, ಉಸಿರಾಟವನ್ನು ನಾವು ನೋಡುತ್ತಲೇ ಇದ್ದೇವೆ ಎಂದು ಬಿಡಿಸಿ ಹೇಳಿದರು. ನಾವು ತಾಳಿದೆವು.

ಒಂದು ಬೆಳಿಗ್ಗೆ ನಾನು ಹೋದಾಗ ಅಕ್ಕ ದಿಂಬಿಗೆ ಒರಗಿ ಕುಳಿತಿದ್ದಳು. ಕೂದಲು ಬಾಚಿಕೊಂಡಿದ್ದಳು. ನನ್ನನ್ನು ಕಂಡವಳೇ ರೊಟ್ಟಿ ಉಳಿದಿದೆಯೇ ಎಂದು ಕೇಳಿದಳು. ಮರುದಿನ ಒಯ್ದು ಹಾಲಿನಲ್ಲಿ ನೆನೆಸಿ ತಿನ್ನಿಸಿದೆ. ಪಕ್ಕದ ಹಾಸಿಗೆಯ ಗುಜರಾತಿ ಅಜ್ಜಿಗೂ ಒಂದು ಚೂರು ಕೊಡಿಸಿ, ಅದನ್ನು ಹೇಗೆ ತಟ್ಟುತ್ತಾರೆ ಎಂದು ಹಿಂದಿಯಲ್ಲಿ ವಿವರಿಸಿದಳು. ಭಾನುವಾರ ಬಸಪ್ಪ ಬಂದ. ಬಾಗಿಲಲ್ಲೇ ನಿಂತು ವಾರ್ಡನ್ನೆಲ್ಲ ನೋಡಿದ. ಹೋಗುವಾಗ ರೇಣುಕಾಳ ತಲೆಯ ಮೇಲೆ ಕೈ ಇಟ್ಟು ಹೋದ.

ಅದಾಗಿ ಸ್ವಲ್ಪ ದಿನಕ್ಕೆ ಡಾಕ್ಟರು ನಮ್ಮನ್ನು ಕರೆದು, ನೋವು ಹತೋಟಿಗೆ ಬಂದಿದೆ, ಶಾಂತಾಬಾಯಿ ಮನೆಗೆ ಹೋಗಬಹುದು, ನಮ್ಮವರು ವಾರ ವಾರ ಬರುತ್ತಾರೆ, ಬೇಕಾದಾಗ ಹಾಸಿಗೆ ಇಲ್ಲಿದೆ ಎಂದರು. ರೋಗ ಎಲ್ಲಿಗೂ ಹೋಗಿರಲಿಲ್ಲ. ಅದು ಅಕ್ಕನಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು. ಆದರೂ ಆ ದಿನ ಸಯನ್‌ನಿಂದ ಭಾಂಡುಪ್‌ಗೆ ಮರಳುವಾಗ ಮದುವೆ ಮುಗಿಸಿ ದಿಬ್ಬಣ ಬಂದಷ್ಟು ಹಿಗ್ಗು ನಮಗೆ. ಚಾಳಿನ ಗಂಡಸರು ಕುರ್ಚಿ ಹಿಡಿದು ಮೆಟ್ಟಿಲ ಬುಡದಲ್ಲಿ ಕಾಯುತ್ತಿದ್ದರು. ಅಕ್ಕ ಅರ್ಧ ದಾರಿಯವರೆಗೆ ಮಾತ್ರ ಕುಳಿತಳು. ಉಳಿದದ್ದನ್ನು ರೇಣುಕಾಳ ಭುಜ ಹಿಡಿದು, ನಿಂತು ನಿಂತು, ತಾನೇ ಹತ್ತಿದಳು. ಓಣಿಯ ಹೆಂಗಸರು ಬಾಗಿಲುಗಳಲ್ಲಿ ನಿಂತು ನೋಡಿದರು. ಮಗಳು ತಾಯಿಯನ್ನು ಹೊರಗೆ ಹಾಕಿದಳು ಎಂದು ಯಾರೂ ಅನ್ನಲಿಲ್ಲ.

ನಾನು ಊರಿಗೆ ಹೊರಟದ್ದು ಅದರ ಮುಂದಿನ ವಾರ. ರೇಣುಕಾ ಆಫೀಸಿಗೆ ರಜೆ ಹಾಕಿ ಸ್ಟೇಷನ್ನಿಗೆ ಬಿಡಲು ಸಿದ್ಧಳಾದಳು. ಮನೆ ಬಿಡುವ ಮುಂಚೆ ಅಕ್ಕನ ಕಾಲಿಗೆ ನಮಸ್ಕಾರ ಮಾಡಿ ಏಳುವಾಗ ಸೆರಗಿನಿಂದ ಕಣ್ಣೊರೆಸಿಕೊಂಡೆ. ಅವಳು ನನ್ನ ಗಲ್ಲ ಹಿಡಿದು, "ಅಳಬ್ಯಾಡ. ನಾ ಚಲೋ ಅದೀನಿ ಅಂತ ಊರಾಗ ಹೇಳು" ಎಂದಳು.

ಮೆಟ್ಟಿಲ ತಿರುವಿನಲ್ಲಿ ಒಮ್ಮೆ ಹಿಂತಿರುಗಿ ನೋಡಿದೆ. ಅಕ್ಕ ಹೊಸ್ತಿಲ ಮೇಲೆ ಗೋಡೆಗೆ ಒರಗಿ ಕುಳಿತು, ನಲ್ಲಿಯ ಹತ್ತಿರ ಸರತಿ ಮುರಿದು ಕೊಡ ಇಟ್ಟ ಯಾರನ್ನೋ ಮರಾಠಿಯಲ್ಲಿ ತರಾಟೆಗೆ ತೆಗೆದುಕೊಳ್ಳುತ್ತಿದ್ದಳು. ಕೊಡ ಹಿಂದಕ್ಕೆ ಸರಿಯಿತು. ನನ್ನ ಕಡೆ ನೋಡಲು ಅವಳಿಗೆ ಪುರಸೊತ್ತಿರಲಿಲ್ಲ.