ಅಕ್ಕನನ್ನು ಕರೆತರಲು ಚಿಂತಾಮಣಿಗೆ

ಗೌರಿಬಿದನೂರಿನಿಂದ ಹೊರಟಾಗ ಮಂಜು ಇನ್ನೂ ಕರಗಿರಲಿಲ್ಲ. ಆಪರೇಷನ್ನು, ಆಮೇಲಿನ ವಿಕಿರಣ ಚಿಕಿತ್ಸೆ ಎಲ್ಲ ಮುಗಿದ ಮೇಲೆ ಒಬ್ಬಳೇ ಬಸ್ಸು ಹತ್ತಿದ್ದು ಅದೇ ಮೊದಲು. ನಮ್ಮವರು ಬೈಕಿನಲ್ಲಿ ನಿಲ್ದಾಣದವರೆಗೆ ಬಂದರು.

"ಭಾನುವಾರ ಇಬ್ರೂ ಹೋಗಣ ಅಂದ್ರೆ ಕೇಳಲ್ಲ. ಅಷ್ಟರಲ್ಲಿ ಏನಾಗ್ಬಿಡ್ತದೆ?"

"ಭಾನುವಾರ ಡಾಕ್ಟ್ರು ಸಿಗಲ್ಲ" ಎಂದೆ. ಅವರು ಬೈಕು ತಿರುಗಿಸಿದರು.

ಹಿಂದಿನ ಸಂಜೆ ಚಿಂತಾಮಣಿಯಿಂದ ಸರೋಜಕ್ಕ ಫೋನ್ ಮಾಡಿದ್ದಳು. ನನ್ನ ಒಡಹುಟ್ಟಿದವಳು, ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವಳು. ಅವರೆಕಾಯಿ ಸೊಗಡು, ಮೊಮ್ಮಗಳ ಕೆಮ್ಮು ಎಲ್ಲ ಹೇಳಿ, ಕೊನೆಗೆ ನಗುತ್ತಾ, "ನಂಗೆ ಮತ್ತೆ ವಯಸ್ಸು ಬಂದಂಗಿದೆ ಕಣೇ. ನಿಂತಿದ್ದು ಶುರುವಾಗಿದೆ" ಎಂದಳು. ನನಗೆ ನಗು ಬರಲಿಲ್ಲ. ನನಗೂ ಐವತ್ತೆರಡಕ್ಕೆ ಮುಟ್ಟು ನಿಂತು, ವರ್ಷ ಕಳೆದ ಮೇಲೆ ಹಾಗೇ ಚೂರುಚೂರು ಕಾಣಿಸಿಕೊಂಡಿತ್ತು. ಆ ವಯಸ್ಸಿಗೆ ಸಹಜ ಎಂದು ಅಕ್ಕಪಕ್ಕದವರು ಹೇಳಿದರು, ನಂಬಿದೆ. ಗರ್ಭಕೋಶದ ಒಳಪದರದ ಕ್ಯಾನ್ಸರ್ ಎಂದು ತಿಳಿಯುವ ಹೊತ್ತಿಗೆ ಅದು ಆಳಕ್ಕೆ ಇಳಿದಿತ್ತು. ಮನೆಯವರು ನೆಂಟರಿಗೆಲ್ಲ ಗಡ್ಡೆ ಎಂದಷ್ಟೇ ಹೇಳಿದ್ದರು. ಅಕ್ಕನಿಗೂ ಗೊತ್ತಿದ್ದದ್ದು ಅಷ್ಟೇ.

ಹೆಂಗಸರಿಗೆ ಟಿಕೆಟ್ ಉಚಿತ. ಆಧಾರ್ ತೋರಿಸಿ ಕಿಟಕಿ ಪಕ್ಕ ಕೂತೆ. ಚಿಕ್ಕಬಳ್ಳಾಪುರಕ್ಕೆ ಸುಮಾರು ನಲವತ್ತು ಕಿಲೋಮೀಟರ್. ಮಂಚೇನಹಳ್ಳಿ ದಾಟುವಷ್ಟರಲ್ಲಿ ಎದೆಯಿಂದ ಕತ್ತಿಗೆ ಬಿಸಿ ಏರಿ ಬೆವರು ಕಿತ್ತುಕೊಂಡಿತು. ಅಂಡಾಶಯವನ್ನೂ ತೆಗೆದ ಮೇಲೆ ಇದು ಹೆಚ್ಚಾಗಿದೆ. ಕಿಟಕಿ ಸರಿಸಿದೆ. ಹಿಂದಿನ ಸೀಟಿನಲ್ಲಿ ಮಂಕಿಟೋಪಿ ಹಾಕಿದ್ದ ಯಜಮಾನರೊಬ್ಬರು, "ಚಳಿಗೆ ಸಾಯ್ತೀವಿ, ಹಾಕಮ್ಮ" ಎಂದರು. ಹಾಕಿದೆ. ಸ್ವೆಟರ್ ಬಿಚ್ಚಿದೆ. ಮತ್ತೆ ನಡುಕ ಬಂತು, ತೊಟ್ಟುಕೊಂಡೆ. ದಾರಿಯುದ್ದಕ್ಕೂ ಸೇವಂತಿಗೆ ಹೊಲ, ದ್ರಾಕ್ಷಿ ಚಪ್ಪರ ಹಿಂದೆ ಸರಿಯುತ್ತಿದ್ದವು. ಬಸ್ಸು ನಿಂತಲ್ಲೆಲ್ಲ ನನಗೆ ಚಾಲಕನ ಮೇಲೆ ಸಿಟ್ಟು ಬರುತ್ತಿತ್ತು.

ಚಿಕ್ಕಬಳ್ಳಾಪುರದಲ್ಲಿ ಬಸ್ಸು ಬದಲಿಸಿದೆ. ಇಡ್ಲಿ ತೆಗೆದುಕೊಂಡು ಅರ್ಧ ಬಿಟ್ಟೆ. ಶಿಡ್ಲಘಟ್ಟದಲ್ಲಿ ಇನ್ನೊಂದು ಫಜೀತಿ. ಚಿಕಿತ್ಸೆಯ ನಂತರ ಮೂತ್ರ ತಡೆಯಲು ಆಗುವುದಿಲ್ಲ. ಬಸ್ಸು ಹೊರಡುವುದರಲ್ಲಿತ್ತು. ಕಂಡಕ್ಟರ್ ಹೆಂಗಸಿಗೆ ಕಿವಿಯಲ್ಲಿ ಹೇಳಿದೆ.

"ಹೋಗ್ಬನ್ನಿ, ನಾನಿದೀನಿ" ಎಂದವಳು ಚಾಲಕನ ಕಡೆ ತಿರುಗಿ, "ಅಣ್ಣ, ಚಿಲ್ಲರೆ ತರ್ತೀನಿ, ನಿಲ್ಸಿ" ಎಂದು ತಾನೂ ಇಳಿದಳು. ನಾನು ಮರಳಿದಾಗ ರೇಷ್ಮೆಗೂಡು ಬೇಯಿಸುವ ವಾಸನೆಯ ನಡುವೆ ಬಸ್ಸಿನ ಬಾಗಿಲಿಗೆ ಕೈಯಿಟ್ಟು ನಿಂತಿದ್ದಳು.

ಚಿಂತಾಮಣಿಯಲ್ಲಿ ಅಕ್ಕ ಬಾಗಿಲಲ್ಲೇ, "ಹೇಳ್ದೆ ಕೇಳ್ದೆ ಬಂದ್ಬಿಟ್ಟಿದೀಯಲ್ಲೇ" ಎಂದು ಗಾಬರಿಯಾದಳು. ಹಿತಕಿದಬೇಳೆ ಸಾರು, ಮುದ್ದೆ ಬಡಿಸಿದಳು. ನಾನು ವಿಷಯ ಎತ್ತಿದ ಕೂಡಲೇ ಕಣ್ಣುಸನ್ನೆ ಮಾಡಿ, ಸೊಸೆಗೆ ತೆಲುಗಿನಲ್ಲಿ "ಅಮ್ಮಾಯ್, ಅಂಗಡಿಕಿ ಪೋಯಿರಾ" ಎಂದು ಕಳಿಸಿದಳು.

"ಸೊಸೆ ಮುಂದೆ ಇದೆಲ್ಲ ಹೇಳ್ತಾರೇನೆ? ಈಗ ನಿಂತೋಗಿದೆ ಬಿಡು."

"ನಂದೂ ನಿಂತು ನಿಂತು ಬರ್ತಿತ್ತು ಅಕ್ಕ. ನಂದು ಗಡ್ಡೆ ಅಲ್ಲ, ಕ್ಯಾನ್ಸರ್."

ಅವಳು ಎತ್ತಿದ್ದ ತಟ್ಟೆಯನ್ನು ಕೆಳಗಿಟ್ಟಳು. ನಾನು ಸೆರಗು ಸರಿಸಿ ಹೊಕ್ಕುಳ ಕೆಳಗಿನ ಹೊಲಿಗೆಯ ಗುರುತು ತೋರಿಸಿದೆ. ಅಕ್ಕ ಹತ್ತಿರ ಬಂದು ಬೆರಳಿಟ್ಟಳು, ತಕ್ಷಣ ತೆಗೆದಳು.

"ಇಷ್ಟು ದಿನ ಯಾಕೇ ಹೇಳ್ಲಿಲ್ಲ?"

"ನೀನು ಅಳ್ತೀಯ ಅಂತ."

ಅವಳು ಅಳಲಿಲ್ಲ. ನಡುಮನೆಯಿಂದ ಹಿತ್ತಿಲಿಗೆ, ಹಿತ್ತಿಲಿಂದ ನಡುಮನೆಗೆ ಓಡಾಡಿದಳು. ಡಾಕ್ಟರ ಹತ್ತಿರ ಬರುವುದಿಲ್ಲವೆಂದೇ ಸಂಜೆಯವರೆಗೂ ಹಟ ಹಿಡಿದಳು. ಬೆಳಿಗ್ಗೆ ನಾನೇಳುವಷ್ಟರಲ್ಲಿ ತಲೆ ಬಾಚಿ, ಚೀಲ ಹಿಡಿದು ಜಗಲಿಯಲ್ಲಿ ಕೂತಿದ್ದಳು. "ಸೊಸೆಗೆ ಹೇಳ್ದೆ" ಎಂದಳು. "ಅವಳೇ ಹೋಗಿ ಅಂದ್ಲು."

ಚಿಕ್ಕಬಳ್ಳಾಪುರದಲ್ಲಿ ನನ್ನ ರೋಗವನ್ನು ಮೊದಲು ಪತ್ತೆಹಚ್ಚಿದ್ದ ವೈದ್ಯೆಯ ಬಳಿಗೇ ಕರೆದೊಯ್ದೆ. ಸ್ಕ್ಯಾನಿನಲ್ಲಿ ಒಳಪದರ ದಪ್ಪವಾಗಿ ಕಂಡಿತು. ಪರೀಕ್ಷೆಗೆಂದು ಸಣ್ಣ ತುಣುಕು ತೆಗೆದರು. ಅಕ್ಕ ನನ್ನ ಮಣಿಕಟ್ಟು ಹಿಡಿದ ಹಿಡಿತಕ್ಕೆ ಬಳೆಯೊಂದು ಒಡೆಯಿತು.

ಆಮೇಲೆ ಬಂದ ಫಲಿತಾಂಶದಲ್ಲಿ ರೋಗ ಇತ್ತು. ಒಳಪದರ ದಾಟಿರಲಿಲ್ಲ. ಗರ್ಭಕೋಶ ತೆಗೆದರು. ನನಗೆ ಬೇಕಾದ ವಿಕಿರಣ ಅವಳಿಗೆ ಬೇಕಾಗಲಿಲ್ಲ. ಈಗ ತಪಾಸಣೆಗೆ ಇಬ್ಬರೂ ಒಂದೇ ದಿನ ಹೋಗುತ್ತೇವೆ. ಆದರೆ ತುಣುಕು ತೆಗೆಸಿ ಬಂದ ಆ ಮಧ್ಯಾಹ್ನ ಚಿಕ್ಕಬಳ್ಳಾಪುರದ ನಿಲ್ದಾಣದಲ್ಲಿ ನಮಗೆ ಇದೊಂದೂ ತಿಳಿದಿರಲಿಲ್ಲ. ಅವಳೊಬ್ಬಳನ್ನೇ ಊರಿಗೆ ಕಳಿಸಲು ಮನಸ್ಸಿರಲಿಲ್ಲ.

"ನಿಂಗಿನ್ನೂ ಭಯ ಆಗ್ತದಾ?" ಎಂದು ಕೇಳಿದಳು.

"ಆಗ್ತದೆ. ಹೊಟ್ಟೆ ಒಂಚೂರು ನೊಂದ್ರೂ ಆಗ್ತದೆ."

"ಸರಿ ಬಿಡು, ಹೆದ್ರಿರೋದು ನಾನೊಬ್ಳೇ ಅಲ್ಲ" ಎಂದು ಬಸ್ಸು ಹತ್ತಿದಳು.

ಅವಳ ಬಸ್ಸೇ ಮೊದಲು ಹೊರಟಿತು. ನಾನು ಕೈಯೆತ್ತಿದೆ. ಅಕ್ಕ ನನ್ನ ಕಡೆ ನೋಡಲಿಲ್ಲ. ಪಕ್ಕದಲ್ಲಿ ಕೂತಿದ್ದ, ನಮ್ಮದೇ ವಯಸ್ಸಿನ ಹೆಂಗಸಿನತ್ತ ತಿರುಗಿದ್ದಳು. ಅಕ್ಕನ ದನಿ ನಿಲ್ದಾಣದ ಗದ್ದಲದಲ್ಲೂ ಕೇಳಿತು: "ನಿಂಗೆ ಮುಟ್ಟು ನಿಂತು ಎಷ್ಟು ವರ್ಷ ಆಯ್ತಮ್ಮ?"