ಹುಳು ಹಣ್ಣಾಗುವ ಶನಿವಾರ

ಈ ವಾರವೆಲ್ಲ ನಾನು ಯಲ್ದೂರಿನ ಬಳಿಯ ಒಂದು ಮನೆಯ ರೇಷ್ಮೆಹುಳುಗಳ ಹಸಿವಿನ ಬಗ್ಗೆ ಚಿಂತಿಸುತ್ತಿದ್ದೇನೆ. ಬೆಳಗ್ಗೆ ಎದ್ದವಳು ಮೊದಲು ಆಕಾಶ ನೋಡುತ್ತೇನೆ. ಬಿಸಿಲು ಬಂದರೆ ಹುಳುಗಳು ಚುರುಕಾಗಿ ತಿಂದು ಬೇಗ ಹಣ್ಣಾಗುತ್ತವೆ. ಮೋಡ ಮುಸುಕಿದರೆ ಸೋಮಾರಿಗಳಂತೆ ಇನ್ನಷ್ಟು ಹೊತ್ತು ತೆಗೆದುಕೊಳ್ಳುತ್ತವೆ. ನನಗೆ ಹಿಪ್ಪುನೇರಳೆ ತೋಟವಿಲ್ಲ, ಹುಳುಮನೆಯೂ ಇಲ್ಲ. ನಿಜ ಹೇಳಬೇಕೆಂದರೆ, ಹುಳು ಕಂಡರೆ ನನಗೆ ಮೈ ಜುಮ್ಮೆನ್ನುತ್ತದೆ. ನನ್ನ ಈ ಚಿಂತೆಗೆಲ್ಲ ಕಾರಣ ಫುಟ್‌ಬಾಲ್.

ಬರುವ ಶನಿವಾರ ಮಧ್ಯಾಹ್ನ ಮೂರು ಗಂಟೆಗೆ ಕೋಲಾರದ ಮೈದಾನದಲ್ಲಿ, ಮಾವಿಗೆ ಹೆಸರಾದ ಶ್ರೀನಿವಾಸಪುರದ ನಮ್ಮ ಕಾಲೇಜಿನ ಹುಡುಗಿಯರ ತಂಡವು ಅಂತರಕಾಲೇಜು ಪಂದ್ಯಾವಳಿಯ ಅಂತಿಮ ಪಂದ್ಯದಲ್ಲಿ ಮಾಲೂರಿನ ತಂಡವನ್ನು ಎದುರಿಸಲಿದೆ. ಈ ತಂಡದ ಅಭಿಮಾನಿಗಳ ಪೈಕಿ ನಾನು ಹಳಬಳು. ಕಾಲೇಜಿನಲ್ಲಿದ್ದಾಗ ಒಮ್ಮೆ ಆಡಲು ಇಳಿದದ್ದೂ ಉಂಟು. ನಾನು ಒದ್ದಾಗ ಚೆಂಡು ಇದ್ದಲ್ಲೇ ಇತ್ತು, ಬೂಟು ಮಾತ್ರ ಗೋಲಿನತ್ತ ಹಾರಿತು. ನನ್ನ ಸ್ಥಾನ ಗೆರೆಯ ಆಚೆಗೆಂದು ಅಂದೇ ತೀರ್ಮಾನವಾಯಿತು. ಆಮೇಲೆ ವಿಶ್ವವಿದ್ಯಾಲಯಕ್ಕೆ ಹೋಗಿ ಸಾರ್ವಜನಿಕ ಆಡಳಿತ ಓದಿ, ಪದವಿಯ ಜೊತೆಗೆ ಮನವಿ ಪತ್ರ ಬರೆಯುವ ಚಟವನ್ನೂ ಹತ್ತಿಸಿಕೊಂಡು ಊರಿಗೆ ಮರಳಿದೆ. ಈಗ ನಮ್ಮ ಕಚೇರಿಗಳಲ್ಲಿ ನನ್ನ ಕೈಬರಹವನ್ನು ದೂರದಿಂದಲೇ ಗುರುತಿಸುವ ಗುಮಾಸ್ತರಿದ್ದಾರೆ. ಅದನ್ನು ಕಂಡೊಡನೆ ಅವರು ಊಟಕ್ಕೆ ಏಳುತ್ತಾರೆ, ಗಂಟೆ ಹತ್ತೂವರೆಯಾಗಿದ್ದರೂ.

ಗೆಲುವು ಮುಖ್ಯವಲ್ಲ, ಭಾಗವಹಿಸುವುದೇ ಮುಖ್ಯ ಎಂದು ವೇದಿಕೆಯ ಮೇಲೆ ಹೇಳುವವರಿದ್ದಾರೆ. ಅವರಲ್ಲಿ ಯಾರೂ ಮಾಲೂರಿನವರ ಎದುರು ಸೋತು, ಕೋಲಾರದ ಬಸ್ ನಿಲ್ದಾಣದಲ್ಲಿ ಅವರ ಬಸ್ಸು ಹೊರಡುವವರೆಗೆ ಅವರ ಹಾಡು ಕೇಳುತ್ತ ನಿಂತವರಲ್ಲ. ಹೋದ ವರ್ಷ ನಾವು ನಿಂತಿದ್ದೆವು. ಬಸ್ಸು ಕದಲುವಾಗ ಅವರ ಹುಡುಗಿಯೊಬ್ಬಳು ಕಿಟಕಿಯಿಂದ ತಲೆ ಹೊರಹಾಕಿ, "ಬರ್ತೀವಿ ಅಕ್ಕಾ! ಮುಂದಿನ್ ಸಲ ನೀವು ಮಾವಿನಣ್ಣು ತನ್ನಿ ಸಾಕು, ಗೋಲು ನಾವೇ ತರ್ತೀವಿ!" ಎಂದಳು. ಆ ಮಾತು ಇಂದಿಗೂ ನನ್ನೊಳಗೆ ವಿಲೇವಾರಿಯಾಗದ ಕಡತದಂತೆ ತೆರೆದೇ ಇದೆ. ಆದ್ದರಿಂದ ಸ್ಪಷ್ಟವಾಗಿ ಹೇಳಿಬಿಡುತ್ತೇನೆ: ನನಗೆ ಗೆಲುವು ಬೇಕು. ಒಂದು ಗೋಲಿನ ಗೆಲುವು ಸಾಕು. ಅದನ್ನು ಅವರೇ ತಪ್ಪಿ ತಮ್ಮ ಬಲೆಗೆ ಹೊಡೆದುಕೊಂಡರೂ ನಾನು ಆಕ್ಷೇಪಿಸುವುದಿಲ್ಲ.

ಈ ವರ್ಷ ಇಷ್ಟು ಆಸೆ ಇಟ್ಟುಕೊಳ್ಳಲು ಕಾರಣ ನಮ್ಮ ಗೋಲ್‌ಕೀಪರ್ ಅನಸೂಯ. ಬಿ.ಎ. ಎರಡನೆಯ ವರ್ಷದ ವಿದ್ಯಾರ್ಥಿನಿ, ಮಿತಭಾಷಿ. ಮುಳಬಾಗಿಲಿನಲ್ಲಿ ನಡೆದ ಉಪಾಂತ್ಯ ಪಂದ್ಯದಲ್ಲಿ ಎದುರಾಳಿಯ ಕೊನೆಯ ಪೆನಾಲ್ಟಿ ಒದೆತವನ್ನು ಅವಳು ಹಿಡಿದ ರೀತಿಯನ್ನು ನೀವು ನೋಡಬೇಕಿತ್ತು. ಹಾರಲಿಲ್ಲ, ಚೀರಲಿಲ್ಲ, ಎರಡು ಹೆಜ್ಜೆ ಪಕ್ಕಕ್ಕೆ ಸರಿದು, ಬರಬೇಕಾದ ನೆಂಟರು ಬಂದರೆಂಬಂತೆ ಚೆಂಡನ್ನು ಎದೆಗೆ ಅವಚಿಕೊಂಡಳು. ಆ ಸಂಜೆ ಅಲ್ಲಿನ ದೋಸೆಯನ್ನು ಆಡಿದವರಿಗಿಂತ ಕೂಗಿದವರೇ ಹೆಚ್ಚು ತಿಂದೆವು. ತಂಡದಲ್ಲಿ ಇನ್ನೊಬ್ಬ ಗೋಲ್‌ಕೀಪರ್ ಇದ್ದಾಳೆ, ಪಲ್ಲವಿ. ಚೆಂಡು ಹತ್ತಿರ ಬಂದಾಗ ಕಣ್ಣು ಮುಚ್ಚಿಕೊಳ್ಳುತ್ತಾಳೆ ಎಂಬುದನ್ನು ಬಿಟ್ಟರೆ ಅವಳಲ್ಲಿ ಯಾವ ದೋಷವೂ ಇಲ್ಲ.

ಇನ್ನು ಹುಳುಗಳ ವಿಷಯ. ಅನಸೂಯಳ ತಂದೆ ಹಾಲಿನ ಲಾರಿ ಓಡಿಸುತ್ತಾರೆ. ವಾರಕ್ಕೊಮ್ಮೆ ಮನೆ ಕಾಣುತ್ತಾರೆ. ಹುಳುಮನೆಯನ್ನು ನೋಡಿಕೊಳ್ಳುವವರು ತಾಯಿ ಮುನಿಯಮ್ಮ ಮತ್ತು ಮಗಳು. ಚೀನಾದ ರಾಣಿಯೊಬ್ಬಳ ಚಹಾ ಬಟ್ಟಲಿಗೆ ಗೂಡೊಂದು ಬಿದ್ದು, ಬಿಸಿಗೆ ಎಳೆ ಬಿಚ್ಚಿಕೊಂಡು ಲೋಕಕ್ಕೆ ರೇಷ್ಮೆ ದೊರೆಯಿತೆಂದು ಹಳೆಯ ಕಥೆಯಿದೆ. ಕಥೆ ಕಟ್ಟಿದವರು ರಾಣಿಯನ್ನು ನೆನೆದರು, ಬಟ್ಟಲನ್ನೂ ನೆನೆದರು. ಆ ಹುಳುವಿಗೆ ಸೊಪ್ಪು ಹಾಕಿದವರು ಯಾರೆಂದು ಮಾತ್ರ ಹೇಳಲಿಲ್ಲ. ಆ ಹುಳುವಿನ ದಿನಚರಿಯಾದರೋ ಯಾವ ಕಚೇರಿಗಿಂತಲೂ ಕಟ್ಟುನಿಟ್ಟು. ನಾಲ್ಕು ಬಾರಿ ಮೇವು ಬಿಟ್ಟು, ತಲೆಯೆತ್ತಿ ನಿಶ್ಚಲವಾಗಿ ಕುಳಿತು ಪೊರೆ ಕಳಚುತ್ತದೆ. ನಾಲ್ಕನೆಯದು ಮುಗಿದ ಮೇಲೆ ಒಂದು ವಾರ ಎಡೆಬಿಡದೆ ತಿನ್ನುತ್ತದೆ. ಅನಂತರ ಒಂದು ದಿನ ತಟ್ಟನೆ ತಿನ್ನುವುದನ್ನು ನಿಲ್ಲಿಸುತ್ತದೆ. ಮೈ ಜೇನಿನ ಬಣ್ಣಕ್ಕೆ ತಿರುಗುತ್ತದೆ. ಹುಳು ಹಣ್ಣಾಯಿತು ಎನ್ನುವುದು ಇದಕ್ಕೇ. ಆಗ ಒಂದೊಂದನ್ನೂ ಬೆರಳಿನಿಂದ ಆರಿಸಿ, ಬಿದಿರಿನ ಸುರುಳಿಗಳಿರುವ ಚಂದ್ರಿಕೆಗೆ ಬಿಡಬೇಕು. ಅಲ್ಲಿ ಅದು ಗೂಡು ಕಟ್ಟುತ್ತದೆ. ತಡ ಮಾಡಿದರೆ ಕಂಡಲ್ಲಿ ಎಳೆ ಉಗುಳಿ, ತಿಂಗಳ ದುಡಿಮೆಯನ್ನು ಕಸ ಮಾಡುತ್ತದೆ.

ಇಷ್ಟೆಲ್ಲ ತಿಳಿದಿದ್ದ ಅನಸೂಯ, ಪಂದ್ಯಾವಳಿಯ ವೇಳಾಪಟ್ಟಿ ಬಂದ ದಿನವೇ ಅದನ್ನು ಹುಳುಮನೆಯ ಗೋಡೆಗೆ ಅಂಟಿಸಿ, ಲೆಕ್ಕ ಹಾಕಿ, ಮರಿಹುಳುಗಳನ್ನು ತರುವ ದಿನವನ್ನು ಗೊತ್ತು ಮಾಡಿದ್ದಳು. ಹುಳುಗಳು ಹಣ್ಣಾಗಿ ಗೂಡು ಕಟ್ಟಿ, ಗೂಡು ಬಿಡಿಸಿ ಮುಗಿದ ಮೇಲೆ ಅಂತಿಮ ಪಂದ್ಯ. ಒಂದು ಸಂಸ್ಥೆಗೂ ಒಂದು ಕೀಟಕ್ಕೂ ಹೀಗೆ ಹೊಂದಾಣಿಕೆ ಮಾಡಿಸುವ ಯೋಜನಾ ಶಕ್ತಿಯನ್ನು ನಾನು ಎರಡು ವರ್ಷ ಓದಿಯೂ ಕಲಿತಿಲ್ಲ. ಕೀಟ ಮಾತಿಗೆ ತಪ್ಪಲಿಲ್ಲ. ಸಂಸ್ಥೆ ತಪ್ಪಿತು. ಅಂತಿಮ ಪಂದ್ಯವನ್ನು ಮುಖ್ಯ ಅತಿಥಿಗಳ ಅನುಕೂಲಕ್ಕಾಗಿ ಒಂದು ವಾರ ಮೊದಲೇ ನಡೆಸಲಾಗುವುದೆಂಬ ಸೂಚನಾ ಪತ್ರ ಬಂತು. ಅದರ ಮೇಲೆ ಮೊಹರಿತ್ತು, ಸಹಿ ಇರಲಿಲ್ಲ. ಪಂದ್ಯವೂ ಹುಳುಗಳು ಹಣ್ಣಾಗುವುದೂ ಒಂದೇ ಶನಿವಾರಕ್ಕೆ ಬಂದು ಕುಳಿತವು.

ನಾನು ಮನವಿ ಬರೆದುಕೊಂಡು ಕೋಲಾರಕ್ಕೆ ಹೋದೆ. ಪಂದ್ಯಾವಳಿ ಸಮಿತಿಯ ಸಂಚಾಲಕರು ಕೆಟ್ಟವರಲ್ಲ. ಕೂರಿಸಿ ನೀರು ಕೊಟ್ಟರು.

"ತಾರೀಕು ಬದಲಾಯಿಸಿದ್ದು ಯಾರು ಸರ್?" ಎಂದು ಕೇಳಿದೆ.

"ಸಮಿತಿ ಕಣಮ್ಮ."

"ಸಮಿತಿಯಲ್ಲಿ ಯಾರು?"

"ಎಲ್ಲಾರೂ."

"ಹಾಗಾದ್ರೆ ನೀವೂ?"

"ನಾನ್ ಅವತ್ತು ರಜಾ ಇದ್ದೆ."

ಇನ್ನಿಬ್ಬರು ಸದಸ್ಯರನ್ನು ವಿಚಾರಿಸಿದೆ. ಅವರೂ ಆ ದಿನ ರಜೆಯಲ್ಲಿದ್ದರಂತೆ. ಹಾಗಿದ್ದರೆ ಖಾಲಿ ಕೋಣೆಯೊಂದು ತನ್ನಷ್ಟಕ್ಕೆ ತಾನೇ ಸಭೆ ಸೇರಿ, ಒಮ್ಮತದಿಂದ ತೀರ್ಮಾನ ಕೈಗೊಂಡಿರಬೇಕು. ಸಂಚಾಲಕರು ನನ್ನ ಮನವಿಯನ್ನು ಓದಿ, ಕನ್ನಡಕ ತೆಗೆದಿಟ್ಟು, "ಹುಳ ಅಂತ ಕಾರಣ ಬರ್ದಿದ್ದೀಯಲ್ಲಮ್ಮ, ಇದನ್ನ ಮೇಲಕ್ಕೆ ಹೆಂಗ್ ಕಳಿಸ್ಲಿ? ನಗ್ತಾರೆ. ಆ ವಾರ ಬಿಟ್ರೆ ಅತಿಥಿಗಳ್ಗೆ ಟೈಮಿಲ್ಲ" ಎಂದರು.

"ಹುಳಕ್ಕೂ ಇಲ್ಲ ಸರ್" ಎಂದು ಎದ್ದು ಬಂದೆ.

ಇದರಲ್ಲಿ ನಗುವಂಥದ್ದು ಏನಿದೆಯೆಂದು ನಾನು ಇಂದಿಗೂ ಕೇಳುತ್ತೇನೆ. ಅತಿಥಿ ಬಾರದಿದ್ದರೆ ಒಂದು ಭಾಷಣ ಕಡಿಮೆಯಾಗುತ್ತದೆ, ಆಟ ನಿಲ್ಲುವುದಿಲ್ಲ. ಗೋಲ್‌ಕೀಪರ್ ಬಾರದಿದ್ದರೆ ಆಟದ ಅರ್ಥವೇ ಹೋಗುತ್ತದೆ. ಆದರೂ ಅನುಕೂಲ ಕೇಳಿದ್ದು ಅತಿಥಿಯದು. ಆಡುವ ಇಪ್ಪತ್ತೆರಡು ಜನರಲ್ಲಿ ಒಬ್ಬಳಿಗಾದರೂ ದೂರವಾಣಿ ಮಾಡಿ, "ಆ ದಿನ ನಿನಗೆ ಆಗುತ್ತದೆಯೇ ಮಗು?" ಎಂದು ಕೇಳುವ ಸೌಜನ್ಯ ಯಾರಿಗೂ ಹೊಳೆಯಲಿಲ್ಲ. ತೀರ್ಮಾನ ಮಾಡಿದವರು ಯಾರೆಂದು ನಾನು ಕೇಳುವುದು ಅವರನ್ನು ಗಲ್ಲಿಗೇರಿಸಲು ಅಲ್ಲ. ಒಂದು ಹೆಸರು, ಒಂದು ಸಹಿ ಇದ್ದಿದ್ದರೆ ಆ ಕೈ ಬರೆಯುವ ಮುನ್ನ ಒಂದು ಕ್ಷಣ ತಡೆಯುತ್ತಿತ್ತು ಎಂಬುದಷ್ಟೇ ನನ್ನ ವಾದ.

ನಾನು ಹೀಗೆ ವಾದ ಹೂಡುತ್ತಿದ್ದಾಗ ಅನಸೂಯ ತನ್ನದೇ ಉಪಾಯ ಹುಡುಕಿದಳು. ಚಳಿಗಾಲದಲ್ಲಿ ಹುಳುಮನೆಯನ್ನು ಬೆಚ್ಚಗಿಡಲು ಇದ್ದಿಲ ಒಲೆ ಇಡುತ್ತಾರೆ. ಮಂಗಳವಾರ ಬೆಳಗ್ಗೆ, ಹುಳುಗಳು ಒಂದು ದಿನ ಮುಂಚಿತವಾಗಿ ಹಣ್ಣಾಗಲೆಂದು, ಅವಳು ಆ ಒಲೆಗೆ ಎರಡು ಪಾಲು ಇದ್ದಿಲು ತುಂಬಿದ್ದಾಳೆ. ಬಾಗಿಲು ತೆರೆದ ತಾಯಿಗೆ ಬಿಸಿಗಾಳಿ ಮುಖಕ್ಕೆ ಬಡಿದಿದೆ. "ನಿನ್ ಬಾಲಿಗೋಸ್ಕರ ನನ್ ಹುಳ ಬೇಯಿಸ್ತೀಯಾ?" ಎಂದು ಅವರು ಕೂಗಿದ್ದು ಪಕ್ಕದ ಕೇರಿಗೂ ಕೇಳಿಸಿತಂತೆ. ಹುಳುಗಳು ಉಳಿದವು. ಅಭ್ಯಾಸಕ್ಕೆ ಬಂದಾಗ ಅನಸೂಯ ನನಗೆ ಹೇಳಿದಳು, "ಅಮ್ಮ ಒಲೇನ ಹೊರಗಿಟ್ಬಿಟ್ಲು ಅಕ್ಕಾ. ಜೊತೇಲಿ ನನ್ನೂ ಹೊರಗಿಟ್ಲು. ಶನಿವಾರ ಎಲ್ಲೂ ಹೋಗಂಗಿಲ್ಲ ಅಂದ್ಲು."

ಮುನಿಯಮ್ಮನವರ ತಪ್ಪೇನೂ ಇರಲಿಲ್ಲ. ಸಾಮಾನ್ಯವಾಗಿ ಹುಳು ಹಣ್ಣಾದ ದಿನ ಅಕ್ಕಪಕ್ಕದ ಮನೆಯವರು ಮುಯ್ಯಾಳಾಗಿ ಬರುತ್ತಾರೆ. ಮುಯ್ಯಾಳೆಂದರೆ ಕೂಲಿಯಿಲ್ಲ: ಇಂದು ನಮ್ಮ ಕೆಲಸಕ್ಕೆ ನೀವು, ನಾಳೆ ನಿಮ್ಮ ಕೆಲಸಕ್ಕೆ ನಾವು. ಆದರೆ ಈ ಬಾರಿ ಇಡೀ ಕೇರಿ ಮರಿಹುಳುಗಳನ್ನು ಒಂದೇ ಕಡೆಯಿಂದ ಒಂದೇ ದಿನ ತಂದಿತ್ತು. ಶನಿವಾರ ಎಲ್ಲರ ಮನೆಯಲ್ಲೂ ಹಣ್ಣು ಹುಳುವೇ. ತಂಡದ ಹುಡುಗಿಯರು ತಾವೇ ಹೋಗುತ್ತೇವೆಂದರು. ಪಂದ್ಯದ ದಿನ ಆಟಗಾರರು ಬೆನ್ನು ಬಗ್ಗಿಸಕೂಡದೆಂದು ದೈಹಿಕ ಶಿಕ್ಷಕರು ತಡೆದರು. ಅವರು ಹೇಳಿದ್ದೂ ಸರಿಯೇ. ಹಾಗಾದರೆ ಉಳಿದವರು ಯಾರು? ಗೆರೆಯ ಆಚೆ ನಿಂತು ಗಂಟಲು ಹರಿದುಕೊಳ್ಳುವುದನ್ನೇ ಸೇವೆಯೆಂದು ಭಾವಿಸಿರುವ ನಾವು, ಅಭಿಮಾನಿಗಳು.

ಎಂಟು ಜನ ಸಿಕ್ಕರು. ನನ್ನ ಸಹಪಾಠಿ ನಸೀಮಾಳ ಮನೆಯವರು ತಲೆಮಾರುಗಳಿಂದ ನೂಲು ಬಿಚ್ಚುವವರು. ಅವಳು ನೆರವಾಗುವಳೆಂದು ಲೆಕ್ಕ ಹಾಕಿದ್ದೆ. "ಗೂಡು ಬಂದ್ಮೇಲೆ ನಮ್ ಕೆಲ್ಸ. ಹುಳ ಮುಟ್ಟೋದು ನಕ್ಕೋ ಕಣೇ" ಎಂದಳು. ಸ್ವಲ್ಪ ಹೊತ್ತಿನ ಮೇಲೆ, "ಮಾಲೂರಿನೋರ್ ಹಾಡು ಇನ್ನೊಂದ್ ಸಲ ಕೇಳೋದಕ್ಕಿಂತ ಹುಳಾನೇ ವಾಸಿ. ಬರ್ತೀನಿ" ಎಂದು ತಾನೇ ಒಪ್ಪಿಕೊಂಡಳು.

ನಿನ್ನೆ ಮಧ್ಯಾಹ್ನ ನಾನು ಮುನಿಯಮ್ಮನವರನ್ನು ಕಾಣಲು ಹೋದೆ. ಹುಳುಮನೆಯೊಳಗೆ ಸಾವಿರಾರು ಹುಳುಗಳು ಸೊಪ್ಪು ಕಡಿಯುವ ಸದ್ದು ತೆಳುವಾದ ಮಳೆಯಂತಿತ್ತು. ಅನಸೂಯಳ ಬದಲು ನಾವು ಬರುತ್ತೇವೆಂಬ ನನ್ನ ಪ್ರಸ್ತಾಪವನ್ನು ಕೇಳಿ ಅವರು ಒಂದು ಹುಳುವನ್ನು ಎತ್ತಿ ನನ್ನ ಮುಂದೆ ಹಿಡಿದರು.

"ಏಮ್ಮಾ, ಹಿಡಿ ನೋಡಾನ."

ನಾನು ಕೈ ಚಾಚಿದೆ. ಕಣ್ಣು ತಾನಾಗಿಯೇ ಮುಚ್ಚಿಕೊಂಡಿತು. ಪಲ್ಲವಿಯನ್ನು ಕುರಿತು ನಾನು ಆಡಿದ ಮಾತುಗಳನ್ನೆಲ್ಲ ಆ ಕ್ಷಣವೇ ಹಿಂತೆಗೆದುಕೊಂಡೆ. ಅಂಗೈ ಮೇಲೆ ಏನೋ ತಣ್ಣಗೆ, ಮೆತ್ತಗೆ ಸರಿಯಿತು.

"ಕಣ್ ಬಿಡಮ್ಮ, ಅದೇನ್ ಕಚ್ಚಲ್ಲ. ಬಿಗಿ ಹಿಡಿದ್ರೆ ಸಾಯ್ತದೆ, ಸಡ್ಲ ಬಿಟ್ರೆ ಬೀಳ್ತದೆ. ಅಷ್ಟೇಯ."

ಹಾಗೆಯೇ ಹಿಡಿದೆ. ಮುನಿಯಮ್ಮ ನನ್ನ ಮುಖ ನೋಡಿ, ತೆಲುಗು ಬೆರೆತ ತಮ್ಮ ಕನ್ನಡದಲ್ಲಿ ತೀರ್ಪು ಕೊಟ್ಟರು. "ಪರವಾಲೇದು. ಬರ್ರಿ. ಹನ್ನೆರಡಕ್ಕೆ ಇವಳ್ನ ಆಟಕ್ಕೆ ಕಳಿಸ್ತೀನಿ. ಆದ್ರೆ ನೀವೂ ಅವಳ್ ಹಿಂದೇನೇ ಓಡೋಗಂಗಿಲ್ಲ. ಹುಳ ಎಲ್ಲ ಒಂದೇ ಸಲ ಹಣ್ಣಾಗಲ್ಲ. ಸಂಜೆಗಂಟ ಇರ್ಬೇಕು."

ಹೊರಗೆ ಸೊಪ್ಪು ಕತ್ತರಿಸುತ್ತಿದ್ದ ಅನಸೂಯಳ ಮಚ್ಚು ನಿಂತಿತು. ನನಗೂ ಅರ್ಥವಾಗಲು ಒಂದು ನಿಮಿಷ ಬೇಕಾಯಿತು. ವರ್ಷವಿಡೀ ಕಾದ ಪಂದ್ಯ ಕೋಲಾರದಲ್ಲಿ ನಡೆಯುವಾಗ ನಾನು ಯಲ್ದೂರಿನ ಬಳಿ ಕುಕ್ಕುರುಗಾಲಿನಲ್ಲಿ ಕುಳಿತು ಹುಳು ಆರಿಸುತ್ತಿರುತ್ತೇನೆ. ಅವಳು ಚೆಂಡು ಹಿಡಿಯುವುದನ್ನು ನೋಡುವುದಿಲ್ಲ. ಗೆದ್ದರೆ ಕುಣಿಯಲು ಮೈದಾನದಲ್ಲಿರುವುದಿಲ್ಲ. ಸೋತರೆ ರೆಫರಿಯನ್ನು ಬೈಯುವ ಸುಖವೂ ಇಲ್ಲ. ಅಭಿಮಾನಿಗೆ ಇದಕ್ಕಿಂತ ಕಠಿಣವಾದ ಷರತ್ತು ಇರಲಾರದು. ಆದರೆ ಅವಳು ಗೋಲಿನಲ್ಲಿ ನಿಲ್ಲಬೇಕೆಂದರೆ ಅವಳ ಜಾಗದಲ್ಲಿ ಇಲ್ಲಿ ಯಾರಾದರೂ ಕೂರಲೇಬೇಕು.

"ಇರ್ತೀವಿ" ಎಂದೆ. ಮಚ್ಚಿನ ಸದ್ದು ಮತ್ತೆ ಆರಂಭವಾಯಿತು, ಮೊದಲಿಗಿಂತ ಜೋರಾಗಿ.

ಮುನಿಯಮ್ಮನವರ ಮುಖದಲ್ಲಿ ಮಾತ್ರ ಇನ್ನೂ ಏನೋ ಇತ್ಯರ್ಥವಾಗಿರಲಿಲ್ಲ. "ಮುಯ್ಯಿ ಹೆಂಗ್ ತೀರ್ಸ್ಲಿ ನಾನು? ನಿಂಗೆ ಹುಳ ಇಲ್ಲ, ತ್ವಾಟ ಇಲ್ಲ. ಪುಕ್ಸಟ್ಟೆ ಕೆಲ್ಸ ಮಾಡಿಸ್ಕೊಳ್ಳೋರಲ್ಲ ನಾವು. ನೀನೇನ್ ಕೆಲ್ಸ ಮಾಡ್ತೀಯ?"

ಊರಿನವರನ್ನೆಲ್ಲ ಲೆಕ್ಕ ಕೇಳುತ್ತ ತಿರುಗುವ ನನ್ನನ್ನು ಹೀಗೆ ಯಾರೂ ಕೇಳಿರಲಿಲ್ಲ. ಸಂಕೋಚದಿಂದ, "ಅರ್ಜಿ ಬರೀತೀನಿ" ಎಂದೆ.

"ಬರ್ದು?"

"ಕಚೇರಿಗೆ ಕೊಟ್ಟು ಬರ್ತೀನಿ. ಅವ್ರು ಇಟ್ಕೊಳ್ತಾರೆ."

"ಒಬ್ಳೇ ಹೋಗ್ತೀಯಾ?"

"ಹೂಂ."

ಎಕರೆಗಟ್ಟಲೆ ರಾಗಿಯನ್ನು ಒಬ್ಬಳೇ ಕೊಯ್ಯಲು ಹೊರಟವಳನ್ನು ನೋಡುವಂತೆ ಅವರು ನನ್ನನ್ನು ನೋಡಿದರು. "ಒಬ್ಳೇ ಹೋದ್ರೆ ಯಾವ್ ಕೆಲ್ಸ ಆಯ್ತದೆ ಬಿಡ್ಡಾ? ಶನಿವಾರ ಹುಳ ಚಂದ್ರಿಕೆ ಹತ್ತಿದ್ರೆ ಇನ್ ನಾಕ್ ದಿನ ಅದರ್ ಕೆಲ್ಸ ಅದು ಮಾಡ್ಕೊಳ್ತದೆ. ಸೋಮವಾರ ನಮ್ ಕೈಯೆಲ್ಲ ಖಾಲಿ, ಕೇರಿಯೋರ್ ಕೈಯೂ ಖಾಲಿ. ನಿನ್ ಜೊತೆ ಕೋಲಾರಕ್ಕೆ ಬರ್ತೀವಿ ನಾವು. ತಾರೀಕ್ ಬದ್ಲಾಯ್ಸಿದ್ ಯಾರು ಅಂತ ಎದ್ರಿಗ್ ಕೂತ್ಕೊಂಡೇ ಕೇಳಾನ."

ಹೊಣೆಗಾರಿಕೆಯ ಬಗ್ಗೆ ನಾನು ದಪ್ಪ ದಪ್ಪ ಪುಸ್ತಕಗಳನ್ನು ಓದಿದ್ದೇನೆ. ಪ್ರಶ್ನೆ ಕೇಳುವುದೂ ಒಂದು ಕೆಲಸ, ಅದಕ್ಕೂ ಮುಯ್ಯಾಳು ಬೇಕು ಎಂದು ಅವುಗಳಲ್ಲಿ ಯಾವುದೂ ನನಗೆ ಹೇಳಿರಲಿಲ್ಲ. ಶನಿವಾರ ನಮ್ಮ ತಂಡ ಗೆಲ್ಲುತ್ತದೆಂದು ನಾನು ದೃಢವಾಗಿ ನಂಬಿದ್ದೇನೆ. ಗೆದ್ದರೆ ಸೋಮವಾರದ ಪ್ರಶ್ನೆ ಕರಗುವುದೆಂದು ಸಮಿತಿ ನಂಬುವುದು ಬೇಡ. ಅವರ ಕಚೇರಿಯಲ್ಲಿ ಬಂದವರು ಕೂರಲು ಎರಡೇ ಕುರ್ಚಿಗಳಿವೆ. ನಾವು ಸುಮಾರು ಮೂವತ್ತು ಜನ. ತೊಂದರೆ ತೆಗೆದುಕೊಳ್ಳಬೇಕಾಗಿಲ್ಲ; ಚಾಪೆ ನಾವೇ ತರುತ್ತೇವೆ.