ನನ್ನ ಮಗಳ ಸೋದರಮಾವ

ಹೇಳುವ ಕ್ರಮದಲ್ಲಿ ಲೋಪಗಳಿದ್ದರೆ ಮೊದಲೇ ಕ್ಷಮೆ ಕೋರುತ್ತೇನೆ. ನಮ್ಮ ಮನೆತನದಲ್ಲಿ ಪದವಿ ಪಡೆದವರಲ್ಲಿ ನಾನೇ ಮೊದಲು. ಒಂದು ಪದ ತಪ್ಪಿದರೂ ಮೈ ಬೆವರುತ್ತದೆ. ಕಳೆದ ಭಾನುವಾರವಂತೂ ಎಲ್ಲ ಪದಗಳನ್ನೂ ಸರಿಯಾಗಿ ಬಳಸಿಯೇ ಎಡವಿದೆ.

ಅಂದು ಮುಳಬಾಗಿಲಿನ ತವರುಮನೆಯಲ್ಲಿ ನನ್ನ ಮಗಳ ಮುಡಿ ತೆಗೆಸುವ ಕಾರ್ಯ. ಮಗುವನ್ನು ಸೋದರಮಾವ ಮಡಿಲಲ್ಲಿ ಕೂರಿಸಿಕೊಳ್ಳಬೇಕು, ಮೊದಲ ಕೂದಲನ್ನು ಅವನೇ ಕತ್ತರಿಸಬೇಕು. ನನಗಿರುವವನು ಒಬ್ಬನೇ ತಮ್ಮ, ಮೋಹನ. ಶ್ರೀನಿವಾಸಪುರದ ಮಾವಿನ ಮಂಡಿಯೊಂದರಲ್ಲಿ ಲೋಡಿಂಗ್ ನೋಡಿಕೊಳ್ಳುತ್ತಾನೆ. ಹುಟ್ಟಿದಾಗ ಎಲ್ಲರೂ ಅವನನ್ನು ಹೆಣ್ಣುಮಗು ಎಂದುಕೊಂಡಿದ್ದರು. (ಹಳೆಯ ಹೆಸರನ್ನು ಬರೆಯುವುದಿಲ್ಲ, ಅದು ಅವನದಲ್ಲ.)

“ದೊಡ್ಡಪ್ಪನ ಮಗನ್ನ ಕೂರಿಸ್ಬಿಡಕ್ಕ. ನೆಂಟರ ಮುಂದೆ ಗಲಾಟೆ ಬೇಡ” ಎಂದಿದ್ದ ಮೋಹನ. ಅಪ್ಪನಿಗೂ ಅದೇ ಬೇಕಿತ್ತು.

ನಾನು ಒಪ್ಪಲಿಲ್ಲ. ಸ್ವಂತ ಮಾವನಿರುವಾಗ ನನ್ನ ಮಗಳು ಬೇರೆಯವರ ಮಡಿಲಲ್ಲಿ ಏಕೆ ಕೂರಬೇಕು? ವಾರವಿಡೀ ನೆಂಟರಿಗೆ ಫೋನ್ ಮಾಡಿದೆ. ಮೋಹನ ಟ್ರಾನ್ಸ್ ವ್ಯಕ್ತಿ, ಗೌರವದಿಂದ ಕಾಣಬೇಕು ಎಂದೆ. ಲಿಂಗತ್ವ, ಅಸ್ಮಿತೆ, ಘನತೆ, ಎಲ್ಲವನ್ನೂ ವಿವರಿಸಿದೆ.

ಆವನಿ ಊರಿನ ಅತ್ತೆ (ಅಪ್ಪನ ಅಕ್ಕ) ಗೌರವವನ್ನು ತಟ್ಟೆಯಲ್ಲೇ ಇಟ್ಟುಕೊಂಡು ಬಂದರು. ಹಸಿರು ಸೀರೆ, ಬಳೆ, ಅರಿಶಿನ-ಕುಂಕುಮ. ಬಾಗಿಲ ಬಳಿ ನಿಂತಿದ್ದ ಮೋಹನನ ಮುಂದೆ ತಟ್ಟೆಯಿಟ್ಟು ಕೈ ಮುಗಿದರು.

“ತಾಯೀ, ಮಗೂಗೆ ಆಶೀರ್ವಾದ ಮಾಡಮ್ಮ. ನಿಮ್ಮಂಥೋರ ಬಾಯಲ್ಲಿ ಬಂದಿದ್ದು ನಿಜ ಆಗ್ತದೆ.”

ಅಪ್ಪ ನೆಲ ನೋಡಿದರು.

ಮೋಹನ ಮೀಸೆಯಡಿಯಲ್ಲೇ ನಕ್ಕ. “ಅತ್ತೇ, ಈ ಸೀರೆ ಉಟ್ಕೊಂಡ್ರೆ ಮಂಡೀಲಿ ನನ್ನನ್ನ ಲಾರಿ ಹತ್ರಾನೂ ಸೇರಿಸಲ್ಲ. ನಾನು ಹೆಣ್ಣಾದೋನಲ್ಲ. ಮೊದಲಿಂದಾನೂ ಗಂಡೇ. ನಿಮಗೆ ಗೊತ್ತಾಗಿದ್ದು ಲೇಟು, ಅಷ್ಟೇ.”

ತಪ್ಪು ಅತ್ತೆಯದೇ? ಅವರಿಗೆ ಗೊತ್ತಿದ್ದದ್ದು ಪೇಟೆಯ ಅಂಗಡಿಗಳ ಮುಂದೆ ಹರಸುವ ಟ್ರಾನ್ಸ್ ಹೆಣ್ಣುಮಕ್ಕಳು ಮಾತ್ರ. ಆ ಹೆಣ್ಣುಮಕ್ಕಳ ಬದುಕಿಗೆ ಅದರದೇ ಘನತೆಯಿದೆ. ಮೋಹನನ ಬದುಕು ಬೇರೆ. ಅವನ ಟ್ರಾನ್ಸ್ ಗೆಳೆಯರಲ್ಲಿ ಒಬ್ಬರು ಆಪರೇಷನ್ ಮಾಡಿಸಿಕೊಂಡಿದ್ದಾರೆ, ಮತ್ತೊಬ್ಬರಿಗೆ ಅದು ಬೇಡವೇ ಬೇಡ. ಇನ್ನೊಬ್ಬರು ತಾನು ಗಂಡೂ ಅಲ್ಲ, ಹೆಣ್ಣೂ ಅಲ್ಲ ಎನ್ನುತ್ತಾರೆ. ಇಷ್ಟೆಲ್ಲ ಬಲ್ಲ ನಾನು ಅತ್ತೆಗೆ ಹೇಳಬೇಕಾಗಿದ್ದುದು ಒಂದೇ ವಾಕ್ಯ: ಮೋಹನ ನನ್ನ ತಮ್ಮ. ಅದೊಂದೇ ಬಿಟ್ಟುಹೋಗಿತ್ತು!

“ಅಂದ್ರೆ ಗಂಡು ಹುಡುಗಾನೇ?” ಅತ್ತೆ ಮತ್ತೆ ಕೇಳಿದರು.

“ಹೂಂ ಅತ್ತೆ.”

“ಅಯ್ಯೋ, ಅಷ್ಟು ಹೇಳೋಕೆ ನಿಮ್ಮಕ್ಕ ಫೋನಲ್ಲಿ ಅರ್ಧ ಗಂಟೆ ಪಾಠ ಮಾಡಿದ್ಲಲ್ಲೋ! ಮತ್ತೆ ಬಾಗಿಲಲ್ಲಿ ಏನ್ಲಾ ಮಾಡ್ತಿದ್ದೀಯ? ಮೇನಮಾಮ ಬಂದು ಕೂತ್ಕೋಬೇಕು ತಾನೇ? ಮಗು ಅಳ್ತಾ ಇದೆ!” (ನಮ್ಮ ಕಡೆ ಸೋದರಮಾವನಿಗೆ ತೆಲುಗಿನಲ್ಲೇ ಹೆಚ್ಚು ಮರ್ಯಾದೆ.)

ಅಪ್ಪನೇ ಎದ್ದು ಮಣೆ ಹಾಕಿದರು. ಮೋಹನ ಕುಳಿತ ಗತ್ತನ್ನು ನೀವು ನೋಡಬೇಕಿತ್ತು! ಮಗಳು ಅವನ ಗಡ್ಡವನ್ನು ಬಿಗಿಯಾಗಿ ಹಿಡಿದು ಅಳು ನಿಲ್ಲಿಸಿದಳು. ಅವನು ಕತ್ತರಿ ಹಿಡಿದು ಮೊದಲ ಕೂದಲನ್ನು ಕತ್ತರಿಸಿದ.

ಅಂದಿನಿಂದ ನಮ್ಮ ಮನೆಯಲ್ಲಿ ಬದಲಾದದ್ದು ಒಂದೇ: ಅಪ್ಪ ಈಗ “ನನಗೆ ಒಬ್ಬಳು ಮಗಳು, ಒಬ್ಬ ಮಗ” ಎನ್ನುತ್ತಾರೆ, ಅದೂ ಕೇಳದವರಿಗೆಲ್ಲ.